ನೂರು ರೂಪಾಯಿಯ ನೆಗ್ಗು

ಹೋದ ಮೇ ತಿಂಗಳು, ಮಳೆ ಹಿಡಿಯೋದ್ರೊಳಗೆ ಸೂರಿನ ನೀರಿಗೆ ಅಂತ ಕುಶಾಲನಗರದ ಗುಜರಿಯಿಂದ ಇನ್ನೂರು ಲೀಟರಿನ ಎರಡು ಕಬ್ಬಿಣದ ಡ್ರಮ್ ತಂದೆ. ಒಂದರ ಹೊಟ್ಟೇಲಿ ಅಂಗೈ ಅಗಲದ ನೆಗ್ಗು, ಅದನ್ನೇ ತೋರಿಸಿ ನೂರು ರೂಪಾಯಿ ಇಳಿಸಿದ್ದೆ, ಮನೇಲಿ ಜಂಬ ಕೊಚ್ಚಿದ್ದೂ ಆಯ್ತು.

ಒಳಗೆಲ್ಲ ಎಣ್ಣೆ ಜಿಡ್ಡು. ನಮ್ ತೋಟದ ರೈಟರು ಹಂಡೇಲಿ ನೀರು ಕುದಿಸಿ ವಾಷಿಂಗ್ ಸೋಡಾ ಹಾಕಿ ಎರಡಕ್ಕೂ ಕಾಲು ಭಾಗ ಸುರಿದು, ಬಿರಡೆ ಬಿಗಿದು, ಕಾಫಿ ಕಣದಲ್ಲಿ ಉರುಳಾಡಿಸಿ ನಿಲ್ಲಿಸಿದ್ರು. ಅಷ್ಟರಲ್ಲಿ ಮಳೆ ಹೊಡೀತು, ಎಲ್ಲಾ ಒಳಗೆ ಓಡಿದ್ವಿ. ಸ್ವಲ್ಪ ಹೊತ್ತಿಗೆ ಢಬ್! ನಾನು ಸಿಲ್ವರ್ ಮರ ಬಿತ್ತು ಅಂದ್ಕೊಂಡೆ. ನೋಡಿದ್ರೆ ನೆಗ್ಗಿದ ಡ್ರಮ್ಮು ಹಿಂಡಿದ ಪಂಚೆ ಥರ ಮುದುರಿದೆ, ಪಕ್ಕದ್ದು ನೆಟ್ಟಗೆ ನಿಂತಿದೆ.

"ಅಣ್ಣಾ, ಯಾರೂ ಮುಟ್ಟಿಲ್ಲ" ಅಂದ್ರು ರೈಟರು.

ಅಣ್ಣನ ಮಗ ಮೆಕ್ಯಾನಿಕಲ್ ಓದ್ತಾನೆ, ರಜಕ್ಕೆ ಬಂದಿದ್ದ. ಆವಿ ಗಾಳೀನ ಹೊರಗೆ ತಳ್ಳಿತ್ತು ಚಿಕ್ಕಪ್ಪ, ತಣ್ಣಗಾಗಿ ಅದು ನೀರಾಯ್ತು, ಒಳಗೆ ಒತ್ತಡ ಬಿತ್ತು, ಹೊರಗಿನ ಗಾಳಿ ಚದರ ಸೆಂಟಿಮೀಟರಿಗೆ ಸುಮಾರು ಒಂದು ಕೆಜಿ ಲೆಕ್ಕದಲ್ಲಿ ಅಮುಕ್ತು ಅಂದ. ಸರಿ, ಇನ್ನೊಂದು ಯಾಕೆ ನಿಂತ್ಕೊಂತು?

ಅದಕ್ಕೆ ಖಾಲಿ ಕೂಲ್‌ಡ್ರಿಂಕ್ಸ್ ಕ್ಯಾನ್ ಇಟ್ಟು ತಂಗೀನ ಮೆಲ್ಲಗೆ ಒಂಟಿ ಕಾಲಲ್ಲಿ ಹತ್ತಿಸಿದ. ಗೋಡೆ ಸುಮಾರು 0.1 ಮಿಲಿಮೀಟರು, ಆದ್ರೂ ಹೊತ್ಕೊಂತು! ಪಕ್ಕಕ್ಕೆ ಪೆನ್ಸಿಲ್ ತಾಗಿಸಿದ್ದಷ್ಟೇ, ಚಪ್ಪಟೆ. ಉರುಟಾಗಿರೋವರೆಗೆ ತೆಳು ತಗಡು ಭಾರಾನ ಮೈಯೆಲ್ಲ ಹಂಚ್ಕೊಳತ್ತೆ, ಒಂದ್ಕಡೆ ಒಳಗೆ ಬಾಗಿದ್ರೆ ಒತ್ತಿದಷ್ಟೂ ಆ ಬಾಗೇ ಬೆಳೀತಾ ಹೋಗತ್ತಂತೆ. ಹೀಗೆ ಮೇಲಿಂದ ಭಾರ ಹೇರಿದ ತೆಳು ಉರುಳೆಗಳು, ಲೆಕ್ಕದ ಸೂತ್ರ ತಡೀಬೇಕು ಅಂದ ಭಾರದ ಐದನೇ ಒಂದು ಭಾಗಕ್ಕೇ ಕುಸಿದಿದ್ದೂ ಉಂಟು, ಗೋಡೆ ದಪ್ಪದಷ್ಟು ಓರೆಕೋರೆ ಇದ್ರೂ ಸಾಕು ಅಂದ. ಇದನ್ನ 1945ರಲ್ಲೇ ಕೊಯ್ಟರ್ ಅನ್ನೋ ಡಚ್ಚಿನವ್ರು ಪಿಎಚ್‌ಡಿ ಪ್ರಬಂಧದಲ್ಲಿ ಬಿಡಿಸಿಟ್ಟಿದ್ರಂತೆ, ಡಚ್ ಭಾಷೇಲಿ ಇದ್ದಿದ್ದಕ್ಕೆ ಹೊರಗಿನೋರು ಓದೋಕೆ ವರ್ಷಗಳೇ ಹಿಡೀತಂತೆ (ಪಾಪ, ನಮ್ ಕನ್ನಡದವ್ರ ಕಥೆ ಥರಾನೇ).

ಡ್ರಮ್ಮಿಗೆ ಒತ್ತಿದ್ದು ಸುತ್ತಲಿಂದ, ಅಲ್ಲಿ ನೆಗ್ಗಿನ ಕಾಟ ಕ್ಯಾನಿಗಿಂತ ಕಮ್ಮಿ, ಇನ್ನೊಂದರ ಬಿರಡೆ ಸಡಿಲ ಇದ್ದಿರಬಹುದು, ಎರಡು ಡ್ರಮ್ಮಲ್ಲಿ ಏನೂ ಸಾಬೀತಾಗಲ್ಲ ಅಂತಾನೂ ಅವನೇ ಹೇಳಿದ. ನಂಗಂತೂ ನೆಗ್ಗಿನ ಮೇಲೇ ಅನುಮಾನ, ಮಡಿಕೆ ಶುರುವಾಗಿದ್ದೇ ಅಲ್ಲಿಂದ.

ಮುಂದಿನ ವಾರ ಅದನ್ನ ಜೀಪಲ್ಲಿ ಹಾಕ್ಕೊಂಡು ಅದೇ ಗುಜರಿಗೆ ಹೋದೆ. ಆತ ಒಂದು ಸುತ್ತು ಬಂದು ನೋಡಿ, "ಸಾರ್, ಇದು ನೆಗ್ಗಿದೆಯಲ್ಲಾ, ತೂಕದ ರೇಟೇ" ಅಂದ.