ಗಂಗೊಳ್ಳಿ ಅಳಿವೆಯ ಹೊರಗೆ ಒಂದು ರಾತ್ರಿ

ಮುಂಬೈಯಿಂದ ಕೊಚ್ಚಿಗೆ ಸಮುದ್ರದ ದಾರಿ ಹತ್ತಿರ ಹತ್ತಿರ 580 ನಾಟಿಕಲ್ ಮೈಲು. ನಾನು ಓಡಿಸುವುದು ಉದ್ಯಮಿಯೊಬ್ಬರ 50 ಅಡಿಯ ಮೋಟಾರ್ ಯಾಟ್. ಒಂದು ಡಿಸೆಂಬರ್‌ನಲ್ಲಿ ಸಾಹೇಬರು, "ಶನಿವಾರ ಮಧ್ಯಾಹ್ನ ಬೋಟು ಕೊಚ್ಚಿಯ ಮರೀನಾದಲ್ಲಿರಲಿ, ಗೆಸ್ಟ್ ಬರ್ತಾರೆ" ಅಂದರು. ನಾನು ಹೂಂ ಅಂದೆ. ಹೂಂ ಅನ್ನುವ ಮೊದಲು ಚಾರ್ಟ್ ಕೂಡ ಬಿಚ್ಚಿರಲಿಲ್ಲ.

ಡೀಸೆಲ್ ಲೆಕ್ಕವನ್ನು ಮಾತ್ರ ಜೋರಾಗಿಯೇ ಹಾಕಿದ್ದೆ. ಟ್ಯಾಂಕಿಗೆ 2000 ಲೀಟರ್ ಹಿಡಿಯುತ್ತದೆ. ನಂಬಿ ಬಳಸಬಹುದಾದದ್ದು 1700. 18 ನಾಟ್‌ನಲ್ಲಿ, ಅಂದರೆ ಗಂಟೆಗೆ 18 ನಾಟಿಕಲ್ ಮೈಲು ಓಡಿಸಿದರೆ ಮೈಲಿಗೆ 8 ಲೀಟರ್ ಕುಡಿಯುತ್ತದೆ, ಅಂದರೆ 210 ಮೈಲಿಗೆ ಖಾಲಿ. ಗೋವಾ ಇರುವುದು 225 ಮೈಲಿನಾಚೆ! ಅದೇ ಬೋಟನ್ನು 8.5 ನಾಟ್‌ಗೆ ಇಳಿಸಿದರೆ ಮೈಲಿಗೆ ನಾಲ್ಕೇ ಲೀಟರ್. ಹಾಗಾಗಿ ಗೋವಾದವರೆಗೆ ರಾತ್ರಿ ಹಗಲು ನಿಧಾನಕ್ಕೆ, ಅಲ್ಲಿ ತುಂಬಿಸಿಕೊಂಡು ಮಂಗಳೂರಿಗೆ ಜೋರಾಗಿ ಎಂದು ನಿರ್ಧಾರವಾಯಿತು. ಕಾಗದದ ಮೇಲೆ ಚಂದವೇ ಇತ್ತು.

ಗಾಳಿಯ ವಿಷಯ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಮಲ್ಪೆಯವನು ನಾನು, ಅಪ್ಪ ಟ್ರಾಲ್ ಬೋಟಿನ ತಾಂಡೇಲ, ಅಂದರೆ ಬೋಟು ನಡೆಸುವವನು. ಚಳಿಗಾಲದಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ತಂಪು ಗಾಳಿ, ಕಡಲು ಎಣ್ಣೆ ಸುರಿದ ಹಾಗೆ. ಮಧ್ಯಾಹ್ನ ದಾಟಿತೋ, ವಾಯವ್ಯದ ಗಾಳಿ ಎದ್ದು ಸಣ್ಣ ಸಣ್ಣ ಮೊನಚು ಅಲೆ. ಡಿಸೆಂಬರ್‌ನಲ್ಲಿ ನಮ್ಮ ಕರಾವಳಿಯ ನೀರು ಉತ್ತರಕ್ಕೆ ಹರಿಯುವುದರಿಂದ ದಕ್ಷಿಣಕ್ಕೆ ಹೋಗುವವನಿಗೆ ಸ್ವಲ್ಪ ಎದುರೇಟು ಬೇರೆ. ಬೆಳಗ್ಗೆ ನಾಲ್ಕಕ್ಕೆ ಹೊರಟು ಎರಡರೊಳಗೆ ಬಂದರು ಸೇರಿಬಿಡಬೇಕು. ಗೋವಾದಲ್ಲಿ ಡೀಸೆಲ್ ಬಂದದ್ದೇ ಏಳೂವರೆಗೆ. ಹೊರಟಾಗ ಎಂಟು. ಒಂದು ದಿನ ನಿಲ್ಲಬಹುದಿತ್ತು. ಆದರೆ ಶನಿವಾರ ತಲೆಯ ಮೇಲೆ ಕೂತಿತ್ತು.

ಒಂದು ಗಂಟೆಯ ಹೊತ್ತಿಗೆ, ಭಟ್ಕಳದ ಹೊರಗೆ, ಬಲಗಡೆಯ ಎಂಜಿನ್ ಕೆಮ್ಮಿತು, ಹತ್ತು ಸೆಕೆಂಡ್ ಒದ್ದಾಡಿತು, ನಿಂತಿತು. ಕೆಳಗೆ ಇಳಿದು ನೋಡಿದರೆ ಫಿಲ್ಟರಿನ ಗಾಜಿನ ಬಟ್ಟಲಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ದ್ರವ, ಅದರಲ್ಲಿ ಲೋಳೆಯ ಎಳೆಗಳು. ಮಳೆಗಾಲದ ನಾಲ್ಕು ತಿಂಗಳು ಬೋಟನ್ನು ದಡಕ್ಕೆ ಹಾಕಿದ್ದಾಗ ಟ್ಯಾಂಕ್ ಅರ್ಧ ಖಾಲಿ ಇತ್ತು. ಒಳಗಿನ ತೇವ ನೀರಾಗಿ ತಳ ಸೇರಿ, ನೀರೂ ಡೀಸೆಲ್ಲೂ ಕೂಡುವ ಜಾಗದಲ್ಲಿ ಸೂಕ್ಷ್ಮಜೀವಿ ಬೆಳೆದು ಲೋಳೆ ಕಟ್ಟುತ್ತದೆ. ಗೋವಾದ ಹೊಸ ಡೀಸೆಲ್ ರಭಸದಿಂದ ಬಿದ್ದಾಗ ಅದು ಕದಡಿತು, ಮಧ್ಯಾಹ್ನದ ಅಲೆ ಉಳಿದದ್ದನ್ನೂ ಎಬ್ಬಿಸಿತು. ಸ್ಪೇರ್ ಫಿಲ್ಟರ್ ಇದ್ದದ್ದು ಎರಡು. ಮೊದಲನೆಯದು ಒಂದು ಗಂಟೆ ಬಾಳಿತು, ಎರಡನೆಯದು ಇನ್ನೂ ಕಡಿಮೆ.

ಉಳಿದ ಒಂದು ಎಂಜಿನ್ನಿನಲ್ಲಿ 6 ನಾಟ್. ಕತ್ತಲಾಗುವಾಗ ಗಂಗೊಳ್ಳಿಯ ದೀಪಗಳು ಕಂಡವು. ಎಷ್ಟು ಸಲ ಒಳಗೆ ಹೋದ ಅಳಿವೆ ಅದು! ಆದರೆ ನದಿ ಕಡಲು ಸೇರುವ ಅಳಿವೆ ಬಾಯಿಯ ಮರಳು ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ, ನೀರು ಇಳಿಯುತ್ತಿತ್ತು, ಭರತ (ಉಬ್ಬರದ ನೀರು) ಬರುವುದು ರಾತ್ರಿ ಎರಡಕ್ಕೆ. ಕತ್ತಲಲ್ಲಿ ಭರತ ಇದ್ದೂ ಏನು ಮಾಡುವುದು? ಮಲ್ಪೆಗೆ ಮುಂದುವರಿದರೆ ರಾತ್ರಿಯೆಲ್ಲ ಮೀನುಗಾರರು ಕಡಲಲ್ಲಿ ಬಿಟ್ಟ ಬೀಡುಬಲೆಗಳ ನಡುವೆ ಹೋಗಬೇಕು. ಬಲೆಯ ಹಗ್ಗ ಉಳಿದ ಪ್ರೊಪೆಲ್ಲರಿಗೂ ಸುತ್ತಿದರೆ ಮುಗಿಯಿತು. ಹತ್ತು ಮಾರು ನೀರಲ್ಲಿ ಲಂಗರು ಹಾಕಿ, ಲಂಗರು ದೀಪ ಹಚ್ಚಿ, ಕೋಸ್ಟ್ ಗಾರ್ಡ್‌ಗೆ ಸ್ಥಿತಿ ತಿಳಿಸಿ ಕೂತೆವು. ರಾತ್ರಿಯಿಡೀ ಬೋಟು ಆ ಕಡೆ ಈ ಕಡೆ ಹೊರಳಿತು. ಅಡುಗೆಮನೆಯ ಗಾಜಿನ ಲೋಟಗಳು ಒಂದಕ್ಕೊಂದು ತಾಗುವ ಸದ್ದು ಈಗಲೂ ನೆನಪಿದೆ.

ಬೆಳಗ್ಗೆ ಒಂದು ನಾಡದೋಣಿ ಹತ್ತಿರ ಬಂತು. "ಎಂತಾಯ್ತ್ ಮರಾಯ್ರೆ, ಎಣ್ಣಿ ಖಾಲಿಯಾಯ್ತಾ?"

"ಎಣ್ಣೆ ಇದೆ, ಅದೇ ತೊಂದರೆ" ಅಂದೆ.

ಮಧ್ಯಾಹ್ನದ ಭರತಕ್ಕೆ ಆತನೇ ಮುಂದೆ ನಿಂತು ಒಳಗೆ ಕರೆದುಕೊಂಡು ಹೋದ. ಫಿಲ್ಟರ್ ಮಂಗಳೂರಿನಿಂದ ಕುಂದಾಪುರಕ್ಕೆ ಬಸ್ಸಿನ ಪಾರ್ಸೆಲ್‌ನಲ್ಲಿ ಬಂತು. ಟ್ಯಾಂಕಿನ ತಳದ ಕೊಚ್ಚೆಯನ್ನು ಡ್ರಮ್ಮಿಗೆ ಎಳೆದು ತೆಗೆದೆವು. ಶನಿವಾರ ಕಳೆದುಹೋಗಿತ್ತು.

ಈಗ ಪ್ಲಾನ್ ಮಾಡುವಾಗ ಮೈಲು, ಲೀಟರ್ ಆಮೇಲೆ. ಮೊದಲು ಬಾಗಿಲುಗಳ ಪಟ್ಟಿ: ಪ್ರತಿ ಮೂರು ಗಂಟೆಯ ಓಟಕ್ಕೆ ಎಲ್ಲಿ ಒಳಗೆ ನುಗ್ಗಬಹುದು, ಯಾವ ಹೊತ್ತಿನಲ್ಲಿ. ಜಯಗಡ, ಮರ್ಮಗೋವಾ, ಪಣಂಬೂರು ಆಳದ ಬಾಗಿಲುಗಳು. ಕಾರವಾರದ ಕೊಲ್ಲಿ ಒಳ್ಳೆಯದೇ, ಆದರೆ ನೌಕಾನೆಲೆಯ ನಿಷೇಧಿತ ಜಾಗ ಬಿಟ್ಟು ಹೋಗಬೇಕು. ಹೊನ್ನಾವರ, ಗಂಗೊಳ್ಳಿ ಹಗಲು ಮತ್ತು ಭರತ ಎರಡೂ ಕೂಡಿದರೆ ಮಾತ್ರ. ಮುನ್ನೂರು ಕಿಲೋಮೀಟರಿಗೂ ಉದ್ದದ ನಮ್ಮ ಕರಾವಳಿಯಲ್ಲಿ ಇಂಥ ಬೋಟು ಕಟ್ಟಲು ಒಂದು ಮರೀನಾ ಇಲ್ಲದ್ದರಿಂದ ಈ ಪಟ್ಟಿ ಚಿಕ್ಕದೇ. ಫಿಲ್ಟರ್ ಎಂಜಿನ್ನಿಗೆ ಆರರಂತೆ. ದಡಕ್ಕೆ ಹಾಕುವ ಮೊದಲು ಟ್ಯಾಂಕ್ ಕಂಠಪೂರ್ತಿ.

ಸಾಹೇಬರು ತಾರೀಕು ಕೇಳಿದರೆ ಎರಡು ತಾರೀಕು ಹೇಳುತ್ತೇನೆ. ಅವರಿಗೆ ಮೊದಲನೆಯದು ಮಾತ್ರ ಕೇಳಿಸುತ್ತದೆ.