ಬೆರಳಿಗೆ ಬಂದಿದ್ದ ಇಂಗ್ಲಿಷ್ ತಲೆಗೆ ಹತ್ತಿದ ಬಗೆ

ಟೈಪಿಂಗ್ ಬಲ್ಲವರಿಗೆ ಇಂಗ್ಲಿಷ್ ಬಂದೇ ಬರುತ್ತದೆ ಎಂದು ನಂಬುವವರು ನಮ್ಮ ಕಡೆ ಈಗಲೂ ಇದ್ದಾರೆ. ಹಾವೇರಿಯ ವಕೀಲರೊಬ್ಬರ ಕಚೇರಿಗೆ ಬೆರಳಚ್ಚುಗಾರ್ತಿಯಾಗಿ ಸೇರುವಾಗ ನಾನು ಇಂಗ್ಲಿಷ್ ಟೈಪಿಂಗ್‌ನ ಸೀನಿಯರ್ ಪರೀಕ್ಷೆ ಪಾಸಾಗಿದ್ದೆ. ಕೀಲಿಮಣೆ ನೋಡದೆ ಹೊಡೆಯುತ್ತಿದ್ದೆ, ಸ್ಪೆಲಿಂಗ್ ತಪ್ಪುತ್ತಿರಲಿಲ್ಲ. ಹೊಡೆದದ್ದರಲ್ಲಿ ಏನಿದೆ ಎಂದು ಕಕ್ಷಿದಾರರು ಕೇಳಿದರೆ ಮಾತ್ರ ‘ಸಾಹೇಬರು ಬಂದು ಹೇಳುತ್ತಾರೆ, ಕೂತಿರಿ’ ಎನ್ನುತ್ತಿದ್ದೆ. ಹತ್ತನೇ ತರಗತಿವರೆಗೆ ಬ್ಯಾಡಗಿ ತಾಲ್ಲೂಕಿನ ಹಳ್ಳಿಯ ಕನ್ನಡ ಶಾಲೆ, ಐದನೇ ತರಗತಿಯಲ್ಲಿ ಎಬಿಸಿಡಿ. ಕೆಳಗಿನ ಕೋರ್ಟಿನ ಕೆಲಸವನ್ನು ಕನ್ನಡದಲ್ಲಿ ತೂಗಿಸಬಹುದು. ಧಾರವಾಡದ ಹೈಕೋರ್ಟ್ ಪೀಠಕ್ಕೆ ಹೋಗುವ ಕಡತವೆಲ್ಲ ಇಂಗ್ಲಿಷ್. ಸಂವಿಧಾನದ 348ನೇ ವಿಧಿಯಲ್ಲೇ ಹಾಗಿದೆ.

ಇದನ್ನು ಬರೆಯುವುದಕ್ಕೆ ಕಾರಣ ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಹುಡುಗಿ. ‘ಅಕ್ಕಾ, ನೀವು ಯಾವ ಕೋರ್ಸ್ ಮಾಡಿದಿರಿ?’ ಎಂದು ಕೇಳಿದಳು. ಅವಳ ಮೊಬೈಲ್ ತುಂಬ ಪದಗಳ ಪಟ್ಟಿ: ದಿನಕ್ಕೆ ಇಪ್ಪತ್ತು ಪದ, ತಿಂಗಳಿಗೆ ಆರುನೂರು. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ ಅರ್ಥ. ನೋಡಿದರೆ, ನಾನು ಇಷ್ಟು ವರ್ಷ ಟೈಪ್ ಮಾಡಿದ ಸಾವಿರಾರು ಹಾಳೆಗಳಲ್ಲಿ ಒಮ್ಮೆಯೂ ಕಾಣದ ಪದಗಳೇ ಹೆಚ್ಚು. ಅವಳು ನಿಜವಾಗಿ ಎಡವುತ್ತಿದ್ದದ್ದು ‘ಅನ್‌ಲೆಸ್’, ‘ವೇರ್‌ಆ್ಯಸ್’, ‘ನಾಟ್‌ವಿತ್‌ಸ್ಟ್ಯಾಂಡಿಂಗ್’ಗಳಲ್ಲಿ. ವಾಕ್ಯವನ್ನು ತಲೆಕೆಳಗು ಮಾಡುವ ಆ ಪದಗಳು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವು ನೋಡುವುದಕ್ಕೆ ಚಂದವಿಲ್ಲವಲ್ಲ.

ಪದಕ್ಕಿಂತ ಮುಂಚೆ ವಾಕ್ಯದ ಮಾತು ಆಡಬೇಕು. ಖಾತೆ ತಕರಾರಿನ ರಿಟ್ ಅರ್ಜಿಗಳ ಮೇಲೆ ಹೈಕೋರ್ಟ್ ಕೊಡುವ ಆದೇಶಗಳಲ್ಲಿ ಇಂಥ ವಾಕ್ಯ ಬರುತ್ತಲೇ ಇರುತ್ತದೆ: ‘ದಿ ಆರ್ಡರ್ ಪಾಸ್ಡ್ ಬೈ ದಿ ಅಸಿಸ್ಟೆಂಟ್ ಕಮಿಷನರ್ ಕ್ಯಾನ್ಸಲಿಂಗ್ ದಿ ಮ್ಯುಟೇಷನ್ ಎಂಟ್ರಿ ಮೇಡ್ ಇನ್ ಫೇವರ್ ಆಫ್ ದಿ ಪಿಟಿಷನರ್ ಈಸ್ ಸೆಟ್ ಅಸೈಡ್.’ ಕೋರ್ಟು ಕಚೇರಿ ಕಂಡವರಿಗೆ ಇದರಲ್ಲಿ ಗೊತ್ತಿಲ್ಲದ ಪದ ಒಂದೂ ಇಲ್ಲ. ಆದರೂ ಗೆದ್ದವರು ಯಾರು ಎಂದು ಕೇಳಿ ನೋಡಿ. ‘ಕ್ಯಾನ್ಸಲ್’ ಕಂಡ ಕೂಡಲೇ ಅರ್ಜಿದಾರ ಸೋತ ಎನ್ನುತ್ತಾರೆ. ಗೆದ್ದವನು ಅವನೇ.

ಇದನ್ನೇ ಕನ್ನಡದಲ್ಲಿ ಹೇಳಿದರೆ, ‘ಅರ್ಜಿದಾರರ ಪರವಾಗಿ ಆಗಿದ್ದ ಖಾತೆ ಬದಲಾವಣೆಯನ್ನು ರದ್ದು ಮಾಡಿ ಉಪವಿಭಾಗಾಧಿಕಾರಿ ಹೊರಡಿಸಿದ ಆದೇಶವನ್ನು ರದ್ದುಪಡಿಸಲಾಗಿದೆ’ ಎಂದಾಗುತ್ತದೆ. ನಮ್ಮಲ್ಲಿ ವಿವರವೆಲ್ಲ ಮೊದಲು ಬಂದು ‘ಆದೇಶ’ ಕೊನೆಗೆ ಬರುತ್ತದೆ. ಇಂಗ್ಲಿಷ್‌ನಲ್ಲಿ ಆದೇಶ ಬಾಗಿಲಲ್ಲೇ ನಿಂತಿರುತ್ತದೆ. ಯಾರು ಹೊರಡಿಸಿದ್ದು, ಏನನ್ನು ರದ್ದು ಮಾಡಿದ್ದು, ಅದು ಯಾರ ಪರ ಇದ್ದದ್ದು ಎಂಬುದೆಲ್ಲ ಅದರ ಹಿಂದೆ ಸಾಲುಗಟ್ಟುತ್ತದೆ. ಕನ್ನಡ ಓದಿ ಬೆಳೆದ ನಮ್ಮ ಕಣ್ಣು ಪೂರ್ಣವಿರಾಮದವರೆಗೆ ಹೋಗಿ, ಅಲ್ಲಿಂದ ಹಿಂದಕ್ಕೆ ನಡೆಯುತ್ತ ಅರ್ಥ ಕೂಡಿಸುತ್ತದೆ. ವಾಕ್ಯ ನಾಲ್ಕು ಸಾಲಿನದ್ದಾದರೆ ಹಿಂದಕ್ಕೆ ಬರುವಷ್ಟರಲ್ಲಿ ಹೊರಟದ್ದೇ ಮರೆತಿರುತ್ತದೆ. ಓದು ನಿಧಾನವಾಗುವುದಕ್ಕೆ ಪದಗಳ ಕೊರತೆಯಷ್ಟೇ ದೊಡ್ಡ ಕಾರಣ ಇದು ಎಂದು ನನ್ನ ಅಭಿಪ್ರಾಯ. ಇದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಾನು ಮಾಡಿದ್ದು ಇಷ್ಟೆ. ಪ್ರಿಂಟ್ ಕೆಟ್ಟು ಬಿಸಾಡುವ ಹಾಳೆಗಳನ್ನು ಮನೆಗೆ ಒಯ್ದು, ಪೆನ್ಸಿಲ್‌ನಿಂದ ವಾಕ್ಯದ ಅಲ್ಲಲ್ಲಿ ಓರೆಗೆರೆ ಎಳೆಯುತ್ತಿದ್ದೆ. ‘ಆರ್ಡರ್’ ಎಂಬಲ್ಲಿ ಒಂದು ಸುತ್ತು, ‘ಸೆಟ್ ಅಸೈಡ್’ಗೆ ಇನ್ನೊಂದು ಸುತ್ತು. ಯಾವುದು, ಏನಾಯಿತು: ಈ ಎರಡು ಸಿಕ್ಕರೆ ನಡುವಿನ ತುಂಡುಗಳನ್ನು ಬಂದ ಕ್ರಮದಲ್ಲೇ ಓದಬಹುದು, ಹಿಂದೆ ತಿರುಗಬೇಕಿಲ್ಲ. ಕೆಲವು ತಿಂಗಳಾದ ಮೇಲೆ ಪೆನ್ಸಿಲ್ ಬೇಕಾಗಲಿಲ್ಲ.

ಇನ್ನು ಪದಗಳು. ಯಾರನ್ನು ಕೇಳಿದರೂ ‘ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಓದು’ ಎನ್ನುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂತ ಹುಡುಗರಿಗೆ ಇದು ವೇದವಾಕ್ಯ. ಆರಂಭದಲ್ಲಿರುವವರಿಗೆ ಇದಕ್ಕಿಂತ ಕೆಟ್ಟ ಸಲಹೆ ಇಲ್ಲ. ಸಂಪಾದಕೀಯ ಬರೆಯುವವರು ಓದುಗರಿಗೆ ಸುದ್ದಿ ಆಗಲೇ ಗೊತ್ತಿದೆ ಎಂದುಕೊಂಡು ಬರೆಯುತ್ತಾರೆ. ಗೊತ್ತಿಲ್ಲದ ವಿಷಯ, ಗೊತ್ತಿಲ್ಲದ ಪದ, ಎರಡನ್ನೂ ಒಟ್ಟಿಗೆ ಹೊತ್ತುಕೊಂಡು ಯಾರು ತಾನೆ ದೂರ ಹೋದಾರು?

ನನಗೆ ದಾರಿ ಸಿಕ್ಕಿದ್ದು ಮೆಣಸಿನಕಾಯಿಯಲ್ಲಿ. ನಮ್ಮ ತಂದೆ ಮೆಣಸಿನಕಾಯಿ ಬೆಳೆಯುತ್ತಿದ್ದರು. ಕಾಯಿಯ ಬಗೆಗಳಲ್ಲಿ ಡಬ್ಬಿ ಯಾವುದು, ಕಡ್ಡಿ ಯಾವುದು, ಯಾವ ವಾರ ಬ್ಯಾಡಗಿ ಮಾರುಕಟ್ಟೆಗೆ ಆವಕ ಏರುತ್ತದೆ, ಏರಿದರೆ ದರ ಹೇಗೆ ಬೀಳುತ್ತದೆ ಎಂಬುದೆಲ್ಲ ಊಟದ ಹೊತ್ತಿನ ಮಾತು. ಕಚೇರಿಗೆ ಬರುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಒಮ್ಮೆ ಬ್ಯಾಡಗಿ ಮಾರುಕಟ್ಟೆಯ ವರದಿ ಇತ್ತು. ‘ಅರೈವಲ್ಸ್’ ಎಂದು ಕಂಡಾಗ ಅದು ಬಸ್ ನಿಲ್ದಾಣದ ಮಾತಲ್ಲ, ನಮ್ಮ ಆವಕ ಎಂದು ತಾನಾಗಿಯೇ ತಿಳಿಯಿತು. ಮುಂದಿನ ಸಾಲಿನಲ್ಲಿ ‘ಗ್ಲಟ್’ ಎಂಬ ಪದ, ಅದರ ಬೆನ್ನಿಗೇ ದರ ಕುಸಿದ ಸುದ್ದಿ. ನಿಘಂಟು ಏಕೆ ಬೇಕು? ಮಾಲು ಮಿತಿಮೀರಿ ಬಂದು ಬಿದ್ದಿದೆ ಎಂದಲ್ಲದೆ ಅಲ್ಲಿ ಬೇರೆ ಅರ್ಥ ಕೂರುವುದೇ ಇಲ್ಲ. ಆ ಪದವನ್ನು ನಾನು ಬಾಯಿಪಾಠ ಮಾಡಲಿಲ್ಲ, ಇವತ್ತಿಗೂ ಮರೆತಿಲ್ಲ.

ಅಲ್ಲಿಂದ ಒಂದು ರೂಢಿ ಮಾಡಿಕೊಂಡೆ. ಬೆಳಿಗ್ಗೆ ಪ್ರಜಾವಾಣಿಯಲ್ಲಿ ಓದಿದ ಸುದ್ದಿಯನ್ನೇ ಮಧ್ಯಾಹ್ನ ಡೆಕ್ಕನ್ ಹೆರಾಲ್ಡ್‌ನಲ್ಲಿ ಹುಡುಕಿ ಓದುವುದು. ಎರಡೂ ಒಂದೇ ಸಂಸ್ಥೆಯವು, 1948ರಲ್ಲಿ ಶುರುವಾದವು, ನಮ್ಮ ರಾಜ್ಯದ ಸುದ್ದಿ ಎರಡರಲ್ಲೂ ಧಾರಾಳ. ಯಾರು, ಎಲ್ಲಿ, ಏನು ಎಂಬುದು ಆಗಲೇ ಗೊತ್ತಿರುವುದರಿಂದ ಕಣ್ಣಿಗೆ ಉಳಿದ ಕೆಲಸ ಇಂಗ್ಲಿಷ್ ಒಂದೇ. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ಹಾವೇರಿಯಲ್ಲೇ ನಡೆಯಿತಲ್ಲ, ಆಗಂತೂ ಹಬ್ಬ. ನಾನೇ ಹೋಗಿ ನೋಡಿ ಬಂದದ್ದನ್ನು ಮರುದಿನ ಇಂಗ್ಲಿಷ್‌ನಲ್ಲಿ ಓದಿದೆ. ಮೆರವಣಿಗೆ, ಗೋಷ್ಠಿ, ಠರಾವು, ಊಟದ ಸಾಲು, ಎಲ್ಲಕ್ಕೂ ಅವರು ಯಾವ ಪದ ಬಳಸಿದ್ದಾರೆ ಎಂದು ನೋಡುವುದೇ ಒಂದು ಮೋಜು.

ತಲೆಬರಹಗಳ ಇಂಗ್ಲಿಷ್ ಬೇರೆಯೇ ಒಂದು ಭಾಷೆ, ಅದಕ್ಕೆ ಹೆದರಬೇಕಿಲ್ಲ. ಜಾಗ ಕಡಿಮೆ ಎಂದು ಮೂರರಿಂದ ಐದು ಅಕ್ಷರದ ಪದಗಳನ್ನು ತುರುಕುತ್ತಾರೆ. ತನಿಖೆಗೆ ‘ಪ್ರೋಬ್’, ಒಪ್ಪಿಗೆಗೆ ‘ನಾಡ್’, ಜಗಳಕ್ಕೆ ‘ರೌ’. ಇಂಥವು ಮೂವತ್ತೋ ನಲವತ್ತೋ ಇರಬಹುದು, ವರ್ಷವಿಡೀ ಅವೇ ತಿರುಗುತ್ತವೆ.

ಪಾಲ್ ನೇಷನ್ ಎಂಬ ನ್ಯೂಜಿಲೆಂಡಿನ ಭಾಷಾ ವಿದ್ವಾಂಸರು ಪದಸಂಪತ್ತಿನ ಬಗ್ಗೆ ಬಹಳ ಕೆಲಸ ಮಾಡಿದ್ದಾರೆ. ಯಾರ ನೆರವೂ ಇಲ್ಲದೆ ಸಲೀಸಾಗಿ ಓದಬೇಕಾದರೆ ಪುಟದ ಪದಗಳಲ್ಲಿ ನೂರಕ್ಕೆ ತೊಂಬತ್ತೆಂಟು ಮೊದಲೇ ಗೊತ್ತಿರಬೇಕು ಎಂಬ ಲೆಕ್ಕ ಅವರ 2006ರ ಬರಹದಲ್ಲಿದೆ. ಅಂದರೆ ಐವತ್ತಕ್ಕೆ ಒಂದು ಹೊಸ ಪದ. ಮುನ್ನೂರು ಪದಗಳ ಪುಟದಲ್ಲಿ ಆರಕ್ಕಿಂತ ಹೆಚ್ಚು ಕಡೆ ತಡವರಿಸಿದರೆ ಆ ಪುಸ್ತಕ ಸದ್ಯಕ್ಕೆ ನಿಮ್ಮದಲ್ಲ, ಮುಚ್ಚಿಡಿ. ಮಾನ ಹೋಗುವಂಥದ್ದೇನೂ ಇಲ್ಲ. ನೂರು ವರ್ಷಗಳ ಹಿಂದೆ ಮೈಕೆಲ್ ವೆಸ್ಟ್ ಎಂಬ ಇಂಗ್ಲಿಷ್ ಅಧಿಕಾರಿ ಬಂಗಾಳದ ಶಾಲೆಗಳನ್ನು ನೋಡಿ, ಈ ಮಕ್ಕಳಿಗೆ ಮೊದಲು ಬೇಕಾದದ್ದು ಓದುವ ಶಕ್ತಿ, ಅದಕ್ಕೆ ಹೊಸ ಪದಗಳನ್ನು ಮಿತವಾಗಿ ಬಳಸಿದ ಸರಳ ಪುಸ್ತಕಗಳು ಬೇಕು ಎಂದು ಹೇಳಿ, ತಾವೇ ಅಂಥ ಪುಸ್ತಕಗಳನ್ನು ತಯಾರಿಸಿದರು. 1953ರಲ್ಲಿ ಅವರು ಹೊರತಂದ ಪಟ್ಟಿಯಲ್ಲಿ ಇದ್ದದ್ದು ತೀರಾ ಬಳಕೆಯ ಸುಮಾರು 2,000 ಪದಗಳು. ಪಟ್ಟಿ ಬೇಕೇಬೇಕು ಎನ್ನುವವರು ಇಂಥದ್ದನ್ನು ಹಿಡಿಯಲಿ.

ಸುಲಭದ್ದನ್ನು ಓದಲು ದೊಡ್ಡವರಿಗೆ ಸಂಕೋಚ. ನಮ್ಮ ಹುಡುಗಿಗೆ ಸ್ಟೋರಿವೀವರ್ ತೋರಿಸಿದಾಗ ‘ಅಯ್ಯೋ, ಇವು ಚಿಕ್ಕ ಮಕ್ಕಳವು’ ಎಂದಳು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಜಾಲತಾಣ ಅದು. ಕಥೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಎಷ್ಟೋ ಕಥೆಗಳು ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ಇವೆ, ಕಾಸು ಕೊಡಬೇಕಿಲ್ಲ. ‘ಮಕ್ಕಳದ್ದಾದರೆ ಮೇಲಿನ ಹಂತದ್ದೊಂದನ್ನು ನಿಲ್ಲದೆ ಓದಿ ತೋರಿಸು’ ಎಂದೆ. ಮೂರನೇ ಪುಟದಲ್ಲಿ ನಿಂತಳು. ಈಗ ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಹೋಗುತ್ತಾ ಬರುತ್ತಾ ಅದನ್ನೇ ಓದುತ್ತಾಳೆ. ಜೊತೆಗೆ ಕ್ರಿಕೆಟ್ ವರದಿ, ಏಕೆಂದರೆ ಅವಳಿಗೆ ಕ್ರಿಕೆಟ್ ಎಂದರೆ ಪ್ರಾಣ. ನನಗೆ ಮೆಣಸಿನಕಾಯಿ ಇದ್ದಂತೆ ಅವಳಿಗೆ ಅದು. ನನಗೋ, ಆ ವರದಿಗಳ ಒಂದು ಸಾಲೂ ಅರ್ಥವಾಗುವುದಿಲ್ಲ.

ನಿಘಂಟಿನ ವಿಷಯ. ಗೊತ್ತಿಲ್ಲದ ಪ್ರತಿ ಪದಕ್ಕೂ ಓದು ನಿಲ್ಲಿಸಿದರೆ ಓದೇ ಇರುವುದಿಲ್ಲ. ನಾನು ಪದದ ಕೆಳಗೆ ಚುಕ್ಕೆ ಇಟ್ಟು ಮುಂದೆ ಹೋಗುತ್ತೇನೆ. ಎರಡನೇ, ಮೂರನೇ ಸಲ ಎದುರಾದರೆ ಮಾತ್ರ ನೋಡುತ್ತೇನೆ. ಇಂಗ್ಲಿಷ್–ಕನ್ನಡ ನಿಘಂಟು ಬೇಡ ಎನ್ನುವವಳಲ್ಲ, ಆದರೆ ಅದು ಒಂದು ಪದಕ್ಕೆ ಐದಾರು ಸಂಸ್ಕೃತ ಪದ ಕೊಟ್ಟು ಸುಮ್ಮನಾಗುತ್ತದೆ. ಯಾವುದನ್ನು ಎಲ್ಲಿ ಹಚ್ಚಬೇಕೆಂದು ಹೇಳುವುದಿಲ್ಲ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳಿವೆ. 1978ರಲ್ಲಿ ಬಂದ ಲಾಂಗ್‌ಮನ್ ನಿಘಂಟು ಎಲ್ಲ ವಿವರಣೆಗಳನ್ನೂ ಸುಮಾರು 2,000 ಸುಲಭ ಪದಗಳಲ್ಲೇ ಮುಗಿಸುತ್ತದೆ, ಉದಾಹರಣೆಗೆ ವಾಕ್ಯವನ್ನೂ ಕೊಡುತ್ತದೆ. ಆ ವಾಕ್ಯವೇ ಮುಖ್ಯ. ‘ಸೂಟ್’ ಅಂಗಡಿಯಲ್ಲಿ ಬಟ್ಟೆ, ನಮ್ಮಲ್ಲಿ ದಾವೆ. ‘ಪ್ರೇ’ ಗುಡಿಯಲ್ಲಿ ಪ್ರಾರ್ಥನೆ, ಅರ್ಜಿಯ ಕೊನೆಯಲ್ಲಿ ಕೋರಿಕೆ. ಒಂಟಿ ಪದ ಬರೆದಿಟ್ಟುಕೊಂಡರೆ ಇದು ಹೇಗೆ ತಿಳಿಯಬೇಕು? ನನ್ನ ನೋಟ್‌ಬುಕ್ಕಿನಲ್ಲಿ ಇರುವುದೆಲ್ಲ ತುಂಡು ವಾಕ್ಯಗಳು, ಒಂದರ ಪಕ್ಕದಲ್ಲಿ ಅದರ ಬಳಗ. ‘ಎನ್‌ಕ್ರೋಚ್’ ಬಂದರೆ ಅದರ ಕೆಳಗೇ ‘ಎನ್‌ಕ್ರೋಚರ್’, ‘ಎನ್‌ಕ್ರೋಚ್‌ಮೆಂಟ್’. ಒತ್ತುವರಿ ದಾವೆ ಒಂದು ನಡೆದರೆ ಮೂರೂ ಹಾಜರಾಗುತ್ತವೆ.

ಇತ್ತೀಚೆಗೆ ಹೊಸದೊಂದು ಅನುಕೂಲವಾಗಿದೆ. ಸುಪ್ರೀಂ ಕೋರ್ಟಿನ ಅನೇಕ ತೀರ್ಪುಗಳ ಕನ್ನಡ ಅನುವಾದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಾಹೇಬರು ಕೋರ್ಟಿಗೆ ಹೋದ ಮೇಲೆ ಒಂದು ಪರದೆಯಲ್ಲಿ ಇಂಗ್ಲಿಷ್, ಮೊಬೈಲ್‌ನಲ್ಲಿ ಕನ್ನಡ ಇಟ್ಟುಕೊಂಡು, ಪ್ಯಾರಾದ ಸಂಖ್ಯೆ ಹಿಡಿದು ಓದುತ್ತೇನೆ. ಜಮೀನಿನ ತೀರ್ಪುಗಳನ್ನೇ ಆರಿಸಿಕೊಳ್ಳುತ್ತೇನೆ. ಪಾಲು, ಕ್ರಯಪತ್ರ, ಚಕ್ಕುಬಂದಿ ನನಗೆ ಗೊತ್ತಿರುವ ಲೋಕ. ತೆರಿಗೆಯ ತೀರ್ಪುಗಳ ತಂಟೆಗೆ ಹೋಗುವುದಿಲ್ಲ. ಕಾನೂನಿನ ಕನ್ನಡವೂ ಏನು ಕಡಿಮೆಯದ್ದಲ್ಲ. ಒಂದೊಂದು ಪ್ಯಾರಾದಲ್ಲಿ ಕನ್ನಡ ಏನು ಹೇಳುತ್ತಿದೆ ಎಂದು ತಿಳಿಯಲು ನಾನು ಇಂಗ್ಲಿಷ್ ಕಡೆಗೆ ತಿರುಗಬೇಕಾಗುತ್ತದೆ. ಇದನ್ನು ಹೇಳಿದಾಗ ಸಾಹೇಬರು ಬಹಳ ಹೊತ್ತು ನಕ್ಕರು, ಆಮೇಲೆ ತಾವೂ ಹಾಗೆಯೇ ಮಾಡುವುದು ಎಂದರು.