ರಸ್ತೆ ದಾಟೋಕೆ ಎಷ್ಟು ಸೆಕೆಂಡು ಬೇಕು?

ಬೆಂಗಳೂರಿನ ಜನರಿಗೆ ಶಿಸ್ತಿಲ್ಲ, ಕೆಂಪು ದೀಪ ಇದ್ದರೂ ರಸ್ತೆಗೆ ನುಗ್ಗುತ್ತಾರೆ ಅಂತ ಬೈಯುವವರು ಜಾಸ್ತಿ. ಬೈಯುವವರು ಹೆಚ್ಚಾಗಿ ಕಾರಿನೊಳಗೆ ಕೂತಿರುತ್ತಾರೆ, ಅದು ಬೇರೆ ಮಾತು. ನಾನಂತೂ ಮೊದಲು ಸಿಗ್ನಲ್ಲನ್ನೇ ಬೈಯುತ್ತೇನೆ.

ಕಾಯುವುದಕ್ಕೂ ಒಂದು ಮಿತಿ ಇದೆ. 30 ಸೆಕೆಂಡಿಗಿಂತ ಹೆಚ್ಚು ಕಾಯಿಸಿದರೆ ನಡೆಯುವವರ ತಾಳ್ಮೆ ಕೆಡುತ್ತದೆ ಅಂತ ಅಮೆರಿಕದ ಟ್ರಾಫಿಕ್ ಎಂಜಿನಿಯರ್‌ಗಳ ಕೈಪಿಡಿಯೇ ಹೇಳುತ್ತದೆ. ನಮ್ಮ ದೊಡ್ಡ ಜಂಕ್ಷನ್‌ಗಳಲ್ಲಿ ನಾಲ್ಕೂ ಕಡೆಯ ಗಾಡಿಗಳ ಸರದಿ ಮುಗಿಯುವ ಹೊತ್ತಿಗೆ ಎರಡು ನಿಮಿಷ ಆಗಿಹೋಗುವುದು ಮಾಮೂಲು. ತಲೆ ಮೇಲೆ ಬಿಸಿಲು, ಮುಖಕ್ಕೆ ಹೊಗೆ, ಆಚೆ ಕಡೆ ನಿಮ್ಮ ಬಸ್ಸು ಬಂದು ನಿಂತಿದೆ, ನಡುವೆ ಗಾಡಿಗಳು ಸ್ವಲ್ಪ ತೆರವಾದವು. ನಿಲ್ತೀರಾ?

ಸರಿ, ಕಾದಿರಿ, ಹಸಿರು ಬಂತು ಅಂತಿಟ್ಟುಕೊಳ್ಳಿ. ಆ ಹಸಿರು ಎಷ್ಟು ಹೊತ್ತು ಇರಬೇಕು ಅನ್ನುವುದಕ್ಕೆ ಸಾಮಾನ್ಯವಾಗಿ ಹಿಡಿಯುವ ಲೆಕ್ಕ ಸೆಕೆಂಡಿಗೆ 1.2 ಮೀಟರ್ ನಡಿಗೆ. 24 ಮೀಟರ್ ಅಗಲದ ರಸ್ತೆಗೆ 20 ಸೆಕೆಂಡು. ಮಂಡಿ ನೋವಿನ ಅಜ್ಜಿಯೊಬ್ಬರು 0.8 ಮೀಟರ್ ವೇಗದಲ್ಲಿ ಹೊರಟರೆ ಅವರಿಗೆ ಬೇಕಾಗುವುದು 30 ಸೆಕೆಂಡು, ಅಂದರೆ ಸಮಯ ಮುಗಿದಾಗ ಇನ್ನೂ 8 ಮೀಟರ್ ಬಾಕಿ, ಪಕ್ಕದಲ್ಲಿ ಆಗಲೇ ಹಾರ್ನ್ ಶುರು. ಅಮೆರಿಕದವರು 2009ರಲ್ಲಿ ಈ ಲೆಕ್ಕವನ್ನು ಸೆಕೆಂಡಿಗೆ 4 ಅಡಿಯಿಂದ 3.5 ಅಡಿಗೆ ಇಳಿಸಿದರು. ಸಿಂಗಾಪುರದಲ್ಲಿ ಇನ್ನೂ ಚೆಂದ: ಹಿರಿಯರು ತಮ್ಮ ಕಾರ್ಡನ್ನು ಕಂಬದ ಮೇಲಿನ ಯಂತ್ರಕ್ಕೆ ತಾಗಿಸಿದರೆ, ರಸ್ತೆಯ ಅಗಲ ನೋಡಿಕೊಂಡು, ಹಸಿರು ಕೆಲವು ಸೆಕೆಂಡು ಜಾಸ್ತಿ ಉರಿಯುತ್ತದೆ.

ಇನ್ನು ಕೌಂಟ್‌ಡೌನ್. ನಡೆಯುವವರಿಗೆ ಅಂಕಿ ತೋರಿಸುವುದು ಒಳ್ಳೆಯದೇ, ಈಗ ಹೊರಡಬೇಕಾ ಬೇಡವಾ ಅಂತ ಗೊತ್ತಾಗುತ್ತದೆ. ಕೆಲವರು ಕೊನೇ ನಾಲ್ಕು ಸೆಕೆಂಡಿನಲ್ಲೂ ಓಡಲು ನೋಡುತ್ತಾರೆ ಅನ್ನಿ. ಆದರೆ ಗಾಡಿಗಳಿಗೆ ತೋರಿಸುವ ಅಂಕಿ ಇದೆಯಲ್ಲ, ಅದೇ ನನಗೆ ಭಯ. ಇನ್ನೂ ಐದು ಇರುವಾಗಲೇ ಬೈಕುಗಳು ಝೀಬ್ರಾ ಪಟ್ಟಿ ದಾಟಿ ಮುಂದೆ ನಿಂತು ಆಕ್ಸಿಲರೇಟರ್ ತಿರುವುತ್ತಿರುತ್ತವೆ, ನಿಧಾನಕ್ಕೆ ದಾಟುತ್ತಿರುವವರು ಆಗ ಅವುಗಳ ಎದುರಿಗೇ ಇರುತ್ತಾರೆ.

ಗಾಡಿಗಳಿಗಿಂತ 3ರಿಂದ 7 ಸೆಕೆಂಡು ಮೊದಲೇ ನಡೆಯುವವರಿಗೆ ಹಸಿರು ಕೊಡುವ ಪದ್ಧತಿ ನ್ಯೂಯಾರ್ಕ್‌ನಲ್ಲಿದೆ. ತಿರುಗುವ ಡ್ರೈವರ್ ಕಣ್ಣಿಗೆ ಬೀಳುವ ಹೊತ್ತಿಗೆ ನೀವು ರಸ್ತೆ ಮಧ್ಯದಲ್ಲಿರುತ್ತೀರಿ, ಅವನು ನಿಲ್ಲಿಸಲೇಬೇಕು. ಖರ್ಚೂ ಕಡಿಮೆ, ಸುಮ್ನೆ ಟೈಮಿಂಗ್ ಬದಲಾಯಿಸಿದರೆ ಆಯಿತು. ಆದರೆ ನಮ್ಮಲ್ಲಿ ಅದನ್ನು ತಂದರೂ ಫ್ರೀ ಲೆಫ್ಟ್ ಇರುವ ಕಡೆ ಏನು ಮಾಡುವುದು? ಅಲ್ಲಿ ಎಡಕ್ಕೆ ತಿರುಗುವವರಿಗೆ ಕೆಂಪು ಅನ್ನುವುದೇ ಇಲ್ವಲ್ಲ.